ಜೋಡಿ ಸಮನಾಗಿರಬೇಕು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ ಅಮೃತಮಹಲ್ ಕಾವಲುಗಳ ಸೀಮೆ. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಮೊದಲಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆದ ಆ ದನಗಳ ತಳಿ ಸಂವರ್ಧನಾ ಕೇಂದ್ರವು ಇಂದಿಗೂ ಅಜ್ಜಂಪುರದಲ್ಲಿದೆ. ಇಂಥ ಸೀಮೆಯಲ್ಲಿ ಎತ್ತಿನ ಪರೀಕ್ಷೆಯೆಂಬುದು ಒಂದು ಶಾಸ್ತ್ರವಾಗಿಯೇ ಬೆಳೆದುದರಲ್ಲಿ ಆಶ್ಚರ್ಯವೇನೂ ಇಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಹಲ್ಲು ನೋಡುತ್ತಿದ್ದನು, ಸುಳಿ ನೋಡುತ್ತಿದ್ದನು, ಗೊರಸು ನೋಡುತ್ತಿದ್ದನು, ಕಡೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದನು. ಇಷ್ಟೆಲ್ಲ ನೋಡಿದ ಮೇಲೂ, ಮನೆಯ ಕೊಟ್ಟಿಗೆಯಲ್ಲಿ ನಿಂತಿರುವ ಇನ್ನೊಂದು ಎತ್ತಿಗೆ ಇದು ಜೋಡಿಯಾದೀತೆ ಎಂಬ ಪ್ರಶ್ನೆಗೆ ಉತ್ತರ ದೊರೆಯುವ ತನಕ ಅವನ ಕೈ ಹಣದ ಚೀಲದ ಕಡೆಗೆ ಹೋಗುತ್ತಿರಲಿಲ್ಲ. ನೊಗದ ಒಂದು ಮಗ್ಗುಲಿಗೆ ಎಂಥ ಬಲಶಾಲಿಯನ್ನು ಕಟ್ಟಿದರೂ ಬಂಡಿ ಸಾಗುವುದು ಬಡ ಎತ್ತಿನ ನಡಿಗೆಯಲ್ಲಿಯೇ ಎಂಬುದು ಆ ಶಾಸ್ತ್ರದ ಕೊನೆಯ ಸೂತ್ರ.

ಹಿರೇನಲ್ಲೂರು ಕಡೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವುಳ್ಳ, ತೆಂಗಿನ ತೋಟಗಳ ನಡುವಣ ಊರು. ಉಳುಮೆ ಟ್ರ್ಯಾಕ್ಟರಿನ ಪಾಲಾದ ಮೇಲೆ ಇಲ್ಲಿನ ಜಗುಲಿಗಳಲ್ಲಿ ಎತ್ತಿನ ಮಾತು ಕಡಿಮೆಯಾಯಿತು. ಆದರೆ ಹೋಲಿಸಿ ನೋಡುವ ಚಪಲ ಮನುಷ್ಯನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಈಗ ಸಂಜೆಯ ಹೊತ್ತು ಜಗುಲಿಯ ಮೇಲೆ ಕುಳಿತ ತರುಣರ ಬಾಯಲ್ಲಿ ಕೇಳಿಬರುವುದು ಆಟವಾಡುವ ಕಂಪ್ಯೂಟರುಗಳ ಮಾತು: ಯಾರ ಪ್ರೊಸೆಸರ್ ಎಷ್ಟನೆಯ ತಲೆಮಾರಿನದು, ಯಾರ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಜಿಬಿ, ಯಾರ ಪರದೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ. ಮೊದಮೊದಲು ಇದು ನನಗೆ ಅರ್ಥವಾಗದ ಪರಿಭಾಷೆಯಾಗಿತ್ತು. ಕೇಳುತ್ತ ಕೇಳುತ್ತ ಹೋದಂತೆ ಇದು ಹಳೆಯ ಶಾಸ್ತ್ರವೇ, ಪದಗಳು ಮಾತ್ರ ಹೊಸವು ಎಂಬುದು ಮನಸ್ಸಿಗೆ ಬಂತು.

ನಮ್ಮೂರಿನ ಮೂವರು ಗೆಳೆಯರ ಮೂರು ಯಂತ್ರಗಳನ್ನು ನಾನು ಹತ್ತಿರದಿಂದ ಬಲ್ಲೆ. ಮೂವರೂ ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದವರು. ಒಬ್ಬನು ಊರಿನಲ್ಲಿಯೇ ಉಳಿದು ತಂದೆಯೊಡನೆ ತೋಟ ನೋಡಿಕೊಳ್ಳುತ್ತಾನೆ. ಇನ್ನೊಬ್ಬನು ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ನೌಕರಿಗೆ ಸೇರಿದ್ದಾನೆ. ಮೂರನೆಯವನು ಕಡೂರು ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ಅಲ್ಲಿಯೇ ಬಾಡಿಗೆಯ ಕೋಣೆ ಹಿಡಿದಿದ್ದಾನೆ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಮೂವರೂ ಮೂರು ಕಡೆಗಳಲ್ಲಿ ಕುಳಿತು ಒಂದೇ ಆಟವನ್ನು ಆಡುತ್ತಾರೆ. ಮೊದಲು ಅವರು ಆಡುತ್ತಿದ್ದುದು ಮೊಬೈಲಿನ ಪಬ್‌ಜಿ. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರವು ಅದನ್ನು ನಿಷೇಧಿಸಿದಾಗ, ಅದೇ ವರ್ಷದ ಜೂನ್‌ನಲ್ಲಿ ಬಿಡುಗಡೆಯಾಗಿದ್ದ, ಹಣ ಕೊಡದೆ ಆಡಬಹುದಾದ ವ್ಯಾಲರಂಟ್ ಎಂಬ ಕಂಪ್ಯೂಟರ್ ಆಟಕ್ಕೆ ಮೂವರೂ ಹೊರಳಿದರು. ಯಂತ್ರಗಳ ಹೋಲಿಕೆ ಆರಂಭವಾದುದು ಅಲ್ಲಿಂದ.

ಹೋಲಿಕೆಗೆ ಹೊರಡುವ ಮುನ್ನ, ಯಂತ್ರದೊಳಗೆ ನಡೆಯುವುದೇನೆಂಬುದನ್ನು ಸ್ಥೂಲವಾಗಿ ತಿಳಿಯುವುದು ಅವಶ್ಯ. ಆಟದ ದೃಶ್ಯವು ಚಲನಚಿತ್ರದಂತೆ ಒಂದರ ಹಿಂದೊಂದು ಬರುವ ನಿಶ್ಚಲ ಚಿತ್ರಗಳ ಸಾಲು. ಸಾಧಾರಣ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುತ್ತದೆ. ಎಂದರೆ ಪ್ರತಿಯೊಂದು ಚಿತ್ರವನ್ನು ಸಿದ್ಧಪಡಿಸಲು ಯಂತ್ರಕ್ಕೆ ಇರುವ ಅವಧಿ ಸುಮಾರು 16.7 ಮಿಲಿಸೆಕೆಂಡು. ಇಷ್ಟರಲ್ಲಿ ಎರಡು ಕೆಲಸಗಳಾಗಬೇಕು. ಯಾವ ಆಟಗಾರನು ಎಲ್ಲಿದ್ದಾನೆ, ಹಾರಿಸಿದ ಗುಂಡು ಎಲ್ಲಿ ತಾಗಿತು, ಬಾಗಿಲು ತೆರೆದಿದೆಯೆ ಮುಚ್ಚಿದೆಯೆ ಎಂಬ ಲೆಕ್ಕವನ್ನು ಪ್ರೊಸೆಸರ್ ಮಾಡುತ್ತದೆ. ಆ ಲೆಕ್ಕವನ್ನು ಹಿಡಿದು ಬೆಳಕು, ನೆರಳು, ಬಣ್ಣಗಳೊಡನೆ ಚಿತ್ರವನ್ನು ಬರೆಯುವುದು ಗ್ರಾಫಿಕ್ಸ್ ಕಾರ್ಡು. ಈ ಎರಡೂ ಜೋಡೆತ್ತುಗಳು. ಪ್ರೊಸೆಸರ್ ತನ್ನ ಲೆಕ್ಕಕ್ಕೆ 25 ಮಿಲಿಸೆಕೆಂಡು ತೆಗೆದುಕೊಂಡರೆ, ಕಾರ್ಡು ಎಷ್ಟೇ ಬೆಲೆ ಬಾಳುವುದಾದರೂ ಪರದೆಯ ಮೇಲೆ ಬರುವುದು ಸೆಕೆಂಡಿಗೆ 40 ಚಿತ್ರ ಮಾತ್ರ. ತದ್ವಿರುದ್ಧವಾಗಿ ಕಾರ್ಡು ಬಡವಾಗಿದ್ದರೆ, ಪ್ರೊಸೆಸರ್ ತನ್ನ ಕೆಲಸವನ್ನು ಬೇಗ ಮುಗಿಸಿ ಕೈಕಟ್ಟಿ ನಿಲ್ಲುತ್ತದೆ. ಆದಕಾರಣ ‘ಯಾವ ಕಾರ್ಡು ಒಳ್ಳೆಯದು?’ ಎಂದು ಕೇಳುವುದಕ್ಕಿಂತ ‘ನನ್ನ ಯಂತ್ರದಲ್ಲಿ ಈಗ ಕಾಯಿಸುತ್ತಿರುವವರು ಯಾರು?’ ಎಂದು ಕೇಳುವುದು ಹೆಚ್ಚು ವಿವೇಕದ್ದು.

ತೋಟದ ತರುಣನ ಯಂತ್ರದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. 2019ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಎಂದರೆ ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಸಾದರ ಪತ್ರಪ್ಪ ರಸ್ತೆಯಲ್ಲಿ, ಸುಮಾರು 30 ಸಾವಿರ ರೂಪಾಯಿಗೆ ಅವನು ಒಂದು ಯಂತ್ರವನ್ನು ಅಸೆಂಬಲ್ ಮಾಡಿಸಿದನು. ಪ್ರೊಸೆಸರ್ ರೈಜನ್ 3 2200ಜಿ. ಇದರೊಳಗೇ ಚಿತ್ರ ಬರೆಯುವ ಅಂಗವೂ ಅಡಕವಾಗಿರುವುದರಿಂದ ಪ್ರತ್ಯೇಕ ಕಾರ್ಡು ಬೇಕಿರಲಿಲ್ಲ. ಮದರ್‌ಬೋರ್ಡ್ ಬಿ450, 8 ಜಿಬಿಯ ಒಂದೇ ರ‍್ಯಾಮ್. ಮರುವರ್ಷ 3 ಸಾವಿರಕ್ಕೆ ಇನ್ನೊಂದು 8 ಜಿಬಿ ಸೇರಿಸಿದಾಗ ಆಟದ ಓಟ ಎದ್ದು ಕಾಣುವಷ್ಟು ಹೆಚ್ಚಿತು. ಕಾರಣ ಸರಳವಾದದ್ದು: ಪ್ರೊಸೆಸರ್‌ನೊಳಗಿನ ಚಿತ್ರಾಂಗಕ್ಕೆ ಸ್ವಂತ ಸ್ಮರಣೆಯಿಲ್ಲ, ಅದು ರ‍್ಯಾಮ್‌ನ್ನೇ ಎರವಲು ಪಡೆಯುತ್ತದೆ. ಒಂದು ರ‍್ಯಾಮ್ ಇದ್ದಾಗ ಒಂದೇ ಕಾಲುವೆಯಲ್ಲಿ ಬರುತ್ತಿದ್ದ ನೀರು, ಎರಡಾದಾಗ ಎರಡು ಕಾಲುವೆಗಳಲ್ಲಿ ಹರಿಯತೊಡಗಿತು. ಅವನು ಮಾಡಿದ ಖರ್ಚುಗಳಲ್ಲೆಲ್ಲ ಅತ್ಯಂತ ಅಗ್ಗವಾಗಿ ಅತ್ಯಂತ ಹೆಚ್ಚು ಫಲ ಕೊಟ್ಟುದು ಇದೇ.

ಅದೇ ವರ್ಷದ ಕೊನೆಯಲ್ಲಿ 13 ಸಾವಿರಕ್ಕೆ ಜಿಟಿಎಕ್ಸ್ 1650 ಕಾರ್ಡು ಬಂತು. ಅದರ ಹಿಂದೆಯೇ ಜಗತ್ತಿನಾದ್ಯಂತ ಕಾರ್ಡುಗಳ ಕ್ಷಾಮ ತಲೆದೋರಿತು. ಚಿಪ್ಪುಗಳ ಕೊರತೆ ಒಂದು ಕಡೆ. ಈಥೀರಿಯಂ ಎಂಬ ಗೂಢನಾಣ್ಯವನ್ನು ಗಣಿ ಮಾಡುವವರು ಇದ್ದಬದ್ದ ಕಾರ್ಡುಗಳನ್ನೆಲ್ಲ ಕೊಂಡುಕೊಳ್ಳುತ್ತಿದ್ದುದು ಮತ್ತೊಂದು ಕಡೆ. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ತನ್ನ ಪದ್ಧತಿಯನ್ನು ಬದಲಿಸಿ ಕಾರ್ಡುಗಳ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳಸಿದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಆಗ ನಮ್ಮ ತರುಣನು 18 ಸಾವಿರಕ್ಕೆ ಬಳಸಿದ ಆರ್‌ಟಿಎಕ್ಸ್ 3060 ಒಂದನ್ನು ತಂದನು. ಎಲ್ಲೋ ದೂರದ ಲೆಕ್ಕಾಚಾರವೊಂದು ಹಿರೇನಲ್ಲೂರಿನ ಹುಡುಗನ ಕೈಗೆ ಕಾರ್ಡೊಂದನ್ನು ಎಟುಕಿಸಿತು!

ಆದರೆ ಹೊಸ ಎತ್ತಿನ ಪಕ್ಕದಲ್ಲಿ ಹಳೆಯದೇ ನಿಂತಿತ್ತು. ನಾಲ್ಕು ಕೋರುಗಳ ಆ 2200ಜಿ, ಜನಸಂದಣಿಯ ದೊಡ್ಡ ಆಟಗಳಲ್ಲಿ ಏದುಸಿರು ಬಿಡತೊಡಗಿತು. ಬಯಲಿನಲ್ಲಿ ಸಲೀಸಾಗಿ ಓಡುವ ದೃಶ್ಯ ಪೇಟೆಯ ಬೀದಿಗೆ ಬಂದೊಡನೆ ಮುಗ್ಗರಿಸುತ್ತಿತ್ತು. 2023ರಲ್ಲಿ 12 ಸಾವಿರ ಕೊಟ್ಟು ಆರು ಕೋರುಗಳ ರೈಜನ್ 5 5600ನ್ನು ಹಾಕಿಸಿದ ಮೇಲೆ ಜೋಡಿ ಸರಿಹೋಯಿತು. ಬೋರ್ಡಿನ ಬಯಾಸ್ ತಂತ್ರಾಂಶವನ್ನು ನವೀಕರಿಸಿದ್ದೇ ಸಾಕಾಯಿತು, ಬೋರ್ಡನ್ನು ಬದಲಿಸಬೇಕಾಗಲಿಲ್ಲ. ಎಎಂ4 ಎಂಬ ಒಂದೇ ಸಾಕೆಟ್ಟನ್ನು ಎಎಂಡಿ ಕಂಪನಿಯು ಹಲವು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದುದರ ಪ್ರಯೋಜನವಿದು. ಹಳೆಯ ಮನೆಯ ಗೋಡೆ ಕೆಡವದೆ ಬಾಗಿಲು ಕಿಟಕಿಗಳನ್ನು ಹೊಸದಾಗಿ ಕೂರಿಸಿದ ಹಾಗೆ. ಜೊತೆಗೆ, ಹೆಚ್ಚಿದ ಹೊರೆಗೆ ತಕ್ಕ ಎಸ್‌ಎಂಪಿಎಸ್‌ಗೆ ನಾಲ್ಕೂವರೆ ಸಾವಿರ, ಯುಪಿಎಸ್‌ಗೆ ಐದೂವರೆ ಸಾವಿರ ಬಿತ್ತು. ಒಟ್ಟು ಕೂಡಿದರೆ 86 ಸಾವಿರ.

ಎಂಜಿನಿಯರ್ ಗೆಳೆಯನದು 2022ರಲ್ಲಿ 72 ಸಾವಿರಕ್ಕೆ ಒಂದೇ ಸಲ ಕೊಂಡ ಲ್ಯಾಪ್‌ಟಾಪ್. ಕಾರ್ಡು ಆರ್‌ಟಿಎಕ್ಸ್ 3050, ಅದರ ಸ್ಮರಣೆ 4 ಜಿಬಿ. ಪರದೆ ಸೆಕೆಂಡಿಗೆ 144 ಚಿತ್ರ ತೋರಿಸುವಂಥದು. ಬೇಕಾದರೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹೆಚ್ಚಿಸಬಹುದು; ಪ್ರೊಸೆಸರ್ ಆಗಲಿ ಕಾರ್ಡಾಗಲಿ ಬೋರ್ಡಿಗೆ ಬೆಸೆದುಕೊಂಡಿರುವುದರಿಂದ ಬದಲಾವಣೆಗೆ ಅವಕಾಶವಿಲ್ಲ. ಜೋಡಿಯನ್ನು ತಯಾರಕರೇ ಕಟ್ಟಿಕೊಟ್ಟಿದ್ದಾರೆ. ಅದು ಮುಪ್ಪಾದಾಗ ಎರಡೂ ಒಟ್ಟಿಗೆ ಮುಪ್ಪಾಗುತ್ತವೆ. ಆದರೂ ಅದರ ಒಂದು ಗುಣ ಪೇಟೆಯಲ್ಲಿ ಕಾಣದ್ದು ಹಳ್ಳಿಯಲ್ಲಿ ಕಾಣುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗ ಕರೆಂಟು ಹೋದರೆ ಲ್ಯಾಪ್‌ಟಾಪ್ ಆರುವುದಿಲ್ಲ. ತನ್ನ ಯುಪಿಎಸ್ಸನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಬಂದಿದೆ. ಬ್ಯಾಟರಿಯ ಮೇಲೆ ಅದರ ವೇಗ ಇಳಿಯುತ್ತದೆ, ನಿಜ. ಆದರೆ ನಡುವೆ ಬಿಟ್ಟುಹೋದವನೆಂಬ ಅಪಖ್ಯಾತಿ ಬರುವುದಿಲ್ಲ.

ಮೂರನೆಯವನ ಯಂತ್ರ ಯಾವುದೋ ಕಚೇರಿಯಿಂದ ಹೊರಬಿದ್ದ ಹಳೆಯ ಕಂಪ್ಯೂಟರ್. ನಾಲ್ಕನೆಯ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್; ಎಸ್‌ಎಸ್‌ಡಿ, ಮಾನಿಟರ್ ಎಲ್ಲ ಸೇರಿ 15 ಸಾವಿರದೊಳಗೆ ಮುಗಿದ ವ್ಯವಹಾರ. ಇಂಥ ಯಂತ್ರಗಳ ಎಸ್‌ಎಂಪಿಎಸ್ ಕಚೇರಿಯ ಕೆಲಸಕ್ಕೆಂದೇ ಅಳೆದು ಕೊಟ್ಟದ್ದು. ದೊಡ್ಡ ಕಾರ್ಡಿಗೆ ಬೇಕಾದ ಪ್ರತ್ಯೇಕ ವಿದ್ಯುತ್ ತಂತಿ ಅದರಲ್ಲಿ ಹಲವೊಮ್ಮೆ ಇರುವುದೇ ಇಲ್ಲ. ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ದೊರೆಯುವುದು ಹೆಚ್ಚೆಂದರೆ 75 ವಾಟ್. ಅಷ್ಟರಲ್ಲಿ ಬದುಕಬಲ್ಲ ಕಾರ್ಡುಗಳಲ್ಲಿ ಜಿಟಿಎಕ್ಸ್ 1650 ಒಂದು. ತೋಟದ ತರುಣನು 3060 ತಂದ ದಿನವೇ ತನ್ನ ಹಳೆಯ 1650ನ್ನು ಬಿಚ್ಚಿ ಈತನಿಗೆ ಕೊಟ್ಟನು. ಅದನ್ನು ಮಾರಿದ್ದರೆ ಆರೇಳು ಸಾವಿರ ಬರುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ.

ಇನ್ನು ಕೆಲವು ಸಂಗತಿಗಳು ಯಾವ ಅಂಗಡಿಯ ಪಟ್ಟಿಯಲ್ಲಿಯೂ ಕಾಣದೆ ಹೋಲಿಕೆಯನ್ನು ತಲೆಕೆಳಗು ಮಾಡುತ್ತವೆ. ಮೊದಲನೆಯದು ಧೂಳು. ತೆಂಗಿನ ಸಿಪ್ಪೆ ಸುಲಿಯುವ ಮನೆಗಳಲ್ಲಿ ಹೊಟ್ಟಿನ ಪುಡಿ ಫ್ಯಾನಿನ ರೆಕ್ಕೆಗೂ ಅದರ ಕೆಳಗಿನ ಲೋಹದ ತಡಿಕೆಗೂ ಮೆತ್ತಿಕೊಳ್ಳುತ್ತದೆ. ಶಾಖ ಹೊರಹೋಗದಿದ್ದಾಗ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸುತ್ತದೆ. ಆಗ ಹುಡುಗರು ‘ಯಂತ್ರ ಹಳೆಯದಾಯಿತು’ ಎನ್ನುತ್ತಾರೆ. ನಿಜವಾಗಿ ಬೇಕಾದದ್ದು ಒಂದು ಮೃದುವಾದ ಕುಂಚ ಮತ್ತು ಅರ್ಧ ಗಂಟೆಯ ತಾಳ್ಮೆ. ಎರಡನೆಯದು ಕರೆಂಟು. 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವಾಟ್. ಆಟದ ನಡುವೆ ಮಾನಿಟರ್ ಸೇರಿ 330 ವಾಟ್ ಎಳೆಯುವ ಯಂತ್ರಕ್ಕೆ ಅದು ಅಂಚಿನ ಮೇಲಿನ ನಡಿಗೆ. ಮೂರನೆಯದು ಇಂಟರ್ನೆಟ್ ಹಾದಿ. ವ್ಯಾಲರಂಟ್ ಆಟದ ಸರ್ವರ್ ಮುಂಬಯಿಯಲ್ಲಿದೆ. ಊರಿನಿಂದ ಅಲ್ಲಿಗೆ ಸುದ್ದಿ ಹೋಗಿ ಬರಲು ತಡವಾದರೆ, ಮನೆಯಲ್ಲಿರುವ ಕಾರ್ಡು ಲಕ್ಷ ರೂಪಾಯಿಯದಾದರೂ ಗುಂಡು ತಡವಾಗಿಯೇ ಹಾರುತ್ತದೆ. ಕೆಸರಿನ ದಾರಿಯಲ್ಲಿ ಎತ್ತಿನ ಬೆಲೆ ಕೇಳಿ ಏನು ಫಲ?

ಕರೆಂಟಿನ ಲೆಕ್ಕವನ್ನು ಇನ್ನಷ್ಟು ಮುಂದುವರಿಸಬಹುದು. ದಿನಕ್ಕೆ ಮೂರು ಗಂಟೆಯಂತೆ ಆಡಿದರೆ ತೋಟದ ಮನೆಯ ಯಂತ್ರ ತಿಂಗಳಿಗೆ ಸುಮಾರು 30 ಯೂನಿಟ್ ತಿನ್ನುತ್ತದೆ. 150 ವಾಟಿನ ಹಳೆಯ ಕಚೇರಿ ಯಂತ್ರಕ್ಕೆ ಹದಿಮೂರು ಹದಿನಾಲ್ಕು ಯೂನಿಟ್. 120 ವಾಟಿನ ಲ್ಯಾಪ್‌ಟಾಪಿಗೆ ಹನ್ನೊಂದರ ಆಸುಪಾಸು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಆಧಾರವಾಗಿಟ್ಟುಕೊಂಡು 200 ಯೂನಿಟ್ಟಿನ ಮಿತಿಯೊಳಗೆ ಉಚಿತ ವಿದ್ಯುತ್ತನ್ನು ನಿಗದಿಪಡಿಸಿದ್ದರಿಂದ, ಹೊಸದಾಗಿ ಸೇರಿದ ಮೂವತ್ತು ಯೂನಿಟ್ ಯಾವ ಕೋಣೆಯಲ್ಲಿ ಉರಿಯಿತೆಂಬುದು ಮನೆಯ ಹಿರಿಯರ ಕಣ್ಣಿಗೆ ಬೇಗ ಬೀಳುತ್ತದೆ.

ಹಾಗೆ ಕಣ್ಣಿಗೆ ಬಿದ್ದ ಒಂದು ಸಂಜೆ ತೋಟದ ತರುಣನ ತಂದೆ ನನ್ನೆದುರಿಗೆ ಲೆಕ್ಕ ಬಿಚ್ಚಿದರು. ಅವರು ರೂಪಾಯಿಯಲ್ಲಿ ಯೋಚಿಸುವವರಲ್ಲ, ಕೊಬ್ಬರಿಯಲ್ಲಿ ಯೋಚಿಸುವವರು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಆ ವರ್ಷ ತಿಪಟೂರಿನ ಧಾರಣೆ ಅದಕ್ಕಿಂತ ಬಹಳ ಮೇಲೇರಿತ್ತಾದರೂ ಹಿರಿಯರ ಲೆಕ್ಕ ಯಾವಾಗಲೂ ಕೆಳಗಿನ ಬೆಲೆಯದೇ.

“ಏಳು ಕ್ವಿಂಟಾಲ್ ಕೊಬ್ಬರಿ ಆ ಪೆಟ್ಟಿಗೆಯೊಳಗೆ ಕೂತಿದೆ, ಮೇಷ್ಟ್ರೇ. ಅದರಿಂದ ಏನು ಹುಟ್ಟುತ್ತೆ ಅಂತ ನೀವೇ ಕೇಳಿ ಇವನನ್ನ” ಎಂದರು.

ಮಗನು ತಲೆ ತಗ್ಗಿಸಿ ಕುಳಿತಿದ್ದನು. ನಾನು ಕೇಳುವ ಮೊದಲೇ ಅವನೇ ಹೇಳಿದನು: “ಏನೂ ಹುಟ್ಟಲ್ಲ, ಅಪ್ಪಾ. ಆದರೆ ರಾತ್ರಿ ಎರಡು ಗಂಟೆ ಹೊತ್ತು ಅವರಿಬ್ಬರೂ ಇಲ್ಲೇ ಇರ್ತಾರೆ.”

ತಂದೆ ಮತ್ತೆ ಮಾತನಾಡಲಿಲ್ಲ. ಓದಿದವರೆಲ್ಲ ರೈಲು ಹತ್ತಿ ಹೋದ ಊರಿನಲ್ಲಿ ಇಪ್ಪತ್ತೇಳು ವರ್ಷದ ಮಗನೊಬ್ಬನು ಸಂಜೆಯ ಮೇಲೆ ಯಾರೊಡನೆ ಮಾತನಾಡಬೇಕೆಂಬುದು ಅವರಿಗೂ ಹೊಳೆಯದ ಸಂಗತಿಯಲ್ಲ. ಆಟವು ವ್ಯಸನವಾಗಬಹುದು, ನಿದ್ದೆಯನ್ನು ಕದಿಯಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಎಷ್ಟೋ ಮನೆಗಳನ್ನು ಹಾಳುಮಾಡಿದುದರಿಂದಲೇ 2025ರ ಆಗಸ್ಟ್‌ನಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಈ ಎಚ್ಚರಿಕೆಯೆಲ್ಲ ಇರತಕ್ಕದ್ದೇ. ಆದರೆ ಜೂಜು ಬೇರೆ, ಗೆಳೆಯರ ಕೂಟ ಬೇರೆ. ಹಿಂದೆ ಭಜನೆಯ ಮನೆ, ತಾಳಮದ್ದಳೆ, ಚೌಕಾಬಾರದ ಮನೆಗಳು ಮಾಡುತ್ತಿದ್ದ ಕೆಲಸವನ್ನು ಈ ಪೆಟ್ಟಿಗೆ ಮಾಡುತ್ತಿದ್ದರೆ, ಅದರ ಫಲವನ್ನು ಕೊಬ್ಬರಿಯ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲವೆಂದು ನನಗೆ ತೋರುತ್ತದೆ.

ಹೀಗೆ ನೋಡಿದಾಗ ಯಂತ್ರಗಳ ಹೋಲಿಕೆಗೆ ಬೇರೆಯೇ ಒಂದು ಅರ್ಥ ಬರುತ್ತದೆ. 2025ರ ಅಕ್ಟೋಬರ್‌ನಲ್ಲಿ ಬ್ಯಾಟಲ್‌ಫೀಲ್ಡ್ 6 ಎಂಬ ಹೊಸ ಆಟ ಬಂದಿತು. ಅದಕ್ಕೆ ಕನಿಷ್ಠ 6 ಜಿಬಿಯ ಆರ್‌ಟಿಎಕ್ಸ್ 2060 ಅಥವಾ ಅದಕ್ಕೆ ಸಮನಾದ ಕಾರ್ಡು ಬೇಕೆಂದು ಪ್ರಕಟವಾಗಿತ್ತು. ಮೂವರಲ್ಲಿ ಒಬ್ಬನ ಯಂತ್ರ ಮಾತ್ರ ಅದನ್ನು ಹೊರಬಲ್ಲದು. ಅವನು ಕೊಳ್ಳಲಿಲ್ಲ. “ಒಬ್ಬನೇ ಆಡಿ ಏನು ಮಾಡಲಿ, ಸಾರ್?” ಎಂದನು. ಮೂರು ಯಂತ್ರಗಳೂ ಒಂದೇ ನೊಗಕ್ಕೆ ಕಟ್ಟಿದಂಥವು; ಅವರ ಆಟ ಯಾವುದೆಂಬುದನ್ನು ನಿರ್ಧರಿಸುವುದು 86 ಸಾವಿರದ ಯಂತ್ರವಲ್ಲ, 15 ಸಾವಿರದ ಯಂತ್ರ.

ಆ ಹಳೆಯ ಯಂತ್ರಕ್ಕೇ ಈಗ ಸಂಕಟ ಬಂದಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಮಾತ್ರ ಇನ್ನೊಂದು ವರ್ಷದ ಭದ್ರತಾ ನವೀಕರಣ. ವಿಂಡೋಸ್ 11ರ ಪಟ್ಟಿಯಲ್ಲಿ ಇಂಟೆಲ್‌ನ ಸಾಮಾನ್ಯ ಪ್ರೊಸೆಸರ್‌ಗಳು ಎಂಟನೆಯ ತಲೆಮಾರಿನಿಂದ ಈಚಿನವು, ನಾಲ್ಕನೆಯದಕ್ಕೆ ಪ್ರವೇಶವಿಲ್ಲ. ಉಚಿತವಾದ ಲಿನಕ್ಸ್ ಹಾಕಿಕೊಳ್ಳೋಣವೆಂದರೆ ವ್ಯಾಲರಂಟ್ ಅದರ ಮೇಲೆ ನಡೆಯುವುದಿಲ್ಲ. ತೋಟದ ತರುಣನ ಪೆಟ್ಟಿಗೆಯಲ್ಲಿ ಹಳೆಯ 2200ಜಿ ಮಲಗಿದೆಯಲ್ಲ, ಅದಕ್ಕೊಂದು ಬೋರ್ಡು ಹುಡುಕಿದರಾಯಿತು ಎಂದು ಮೂವರೂ ಮೊದಲು ಲೆಕ್ಕ ಹಾಕಿದರು. ನೋಡಿದರೆ ಅದಕ್ಕೂ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಹೊಸದಾಗಿಯೇ ಕಟ್ಟಿಸೋಣವೆಂದರೆ, ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್‌ನ ಬೆಲೆ ವಿಪರೀತ ಏರಿತು. ಚೆನ್ನಾಗಿಯೇ ಓಡುತ್ತಿರುವ ಯಂತ್ರವೊಂದು, ತನ್ನ ಯಾವ ಅಂಗವೂ ಸವೆಯದೆ, ಎಲ್ಲಿಯೋ ಬರೆದ ಪಟ್ಟಿಯೊಂದರಿಂದ ಮುದಿಯಾಗುವುದನ್ನು ನಾನು ಕಂಡದ್ದು ಇದೇ ಮೊದಲು. ಬಾಯಿಗೂಡಿದ ಎತ್ತನ್ನು ಸಹ ನಮ್ಮವರು ಹಾಗೆ ಕೊಟ್ಟಿಗೆಯಿಂದ ಹೊರಗೆ ಕಳುಹಿಸುತ್ತಿರಲಿಲ್ಲ.

ಕೊನೆಗೆ ಒಂದು ದಾರಿ ಹೊಳೆಯಿತು. ಎಂಟನೆಯ ತಲೆಮಾರಿನ ಐ5 ಇರುವ, ರ‍್ಯಾಮ್ ಸಮೇತವಾಗಿಯೇ ಬರುವ ಇನ್ನೊಂದು ಹಳೆಯ ಕಚೇರಿ ಯಂತ್ರವನ್ನು ಎಸ್.ಪಿ. ರಸ್ತೆಯಲ್ಲಿ ಹುಡುಕುವುದು, 1650 ಕಾರ್ಡು, ಎಸ್‌ಎಸ್‌ಡಿ, ಮಾನಿಟರ್‌ಗಳನ್ನು ಹಳೆಯದರಿಂದ ಬಿಚ್ಚಿ ಅದಕ್ಕೆ ಜೋಡಿಸುವುದು. ಅಂಗಡಿಯ ಹುಡುಗನ ಒಂದು ತಿಂಗಳ ಸಂಬಳ ಅದಕ್ಕೆ ಸಾಲದು. ಬೆಂಗಳೂರಿನವನು ಅರ್ಧ ಹಾಕುತ್ತೇನೆಂದನು. ತೋಟದವನು ತನ್ನ ಮಾನಿಟರನ್ನು 144 ಚಿತ್ರದ್ದಾಗಿ ಬದಲಿಸಿಕೊಳ್ಳಲು ಕೂಡಿಟ್ಟಿದ್ದ ಹಣವನ್ನು ಇದಕ್ಕೆ ತಿರುಗಿಸಿದನು. ಸಾಲವೆಂದೇ ಕೊಟ್ಟದ್ದು, ತೀರಿಸುವ ದಿನ ಗೊತ್ತುಮಾಡಿಲ್ಲ.

ಹೊರಡುವ ಹಿಂದಿನ ದಿನ ಅವರು ಕಾಗದದ ಮೇಲೆ ಪಟ್ಟಿ ಬರೆಯುತ್ತಿದ್ದರು: ಪ್ರೊಸೆಸರ್ ಎಂಟನೆಯ ತಲೆಮಾರಿನದೆ, ಕಾರ್ಡು ಕೂರುವಷ್ಟು ಎತ್ತರ ಕ್ಯಾಬಿನೆಟ್ಟಿಗೆ ಇದೆಯೆ, ಎಸ್‌ಎಂಪಿಎಸ್ ಎಷ್ಟು ವಾಟಿನದು, ಫ್ಯಾನು ಸದ್ದು ಮಾಡುತ್ತದೆಯೆ. ತೆಂಗಿನಕಾಯಿ ಎಣಿಸುತ್ತಿದ್ದ ತಂದೆ ತಲೆಯೆತ್ತದೆ ಒಂದು ಮಾತು ಸೇರಿಸಿದರು:

“ಸುಮ್ಮನೆ ನೋಡಿ ತರಬೇಡ್ರಪ್ಪಾ. ಅಲ್ಲೇ ಒಂದು ಗಳಿಗೆ ನಡೆಸಿ ನೋಡಿ, ಆಮೇಲೆ ದುಡ್ಡು ಕೊಡಿ.”